ಮೂತಿಗೆ ಕಬ್ಬಿಣ ಕಟ್ಟುವ ಮುನ್ನ

ಅಮೆರಿಕದ ಬಫಲೋ ಊರಿನಲ್ಲಿರುವ ಅಕ್ಕನ ಮಗ ಜನವರಿಯ ಒಂದು ಬೆಳಗ್ಗೆ ಫೋನ್ ಮಾಡಿದ. "ಮಾವ, ಇಲ್ಲಿ ಮಂಜು ವಿಪರೀತ. ಗಾಡಿ ಹೊರಗೆ ತೆಗೆಯೋಕಾಗ್ತಿಲ್ಲ" ಅಂದ. "ಇಲ್ಲೂ ಅಷ್ಟೇ ಕಣೋ, ಎದುರಿನ ಟವರ್ರೇ ಕಾಣ್ತಿಲ್ಲ" ಅಂದೆ. ನಾನು ದೆಹಲಿಯ ಅಂಚಿನ ನೋಯ್ಡಾದ ಬಾಲ್ಕನಿಯಲ್ಲಿ ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದೆ. ಇಬ್ಬರೂ ಬೇರೆ ಬೇರೆ ಮಂಜಿನ ಮಾತಾಡುತ್ತಿದ್ದೇವೆ ಎಂದು ತಿಳಿಯಲು ಎರಡು ನಿಮಿಷ ಬೇಕಾಯಿತು. ಕಣ್ಣಿಗೆ ಅಡ್ಡ ಬರುವುದೂ ಮಂಜು, ಕಾಲಿಗೆ ಅಡ್ಡ ಬರುವುದೂ ಮಂಜು. ನಮ್ಮ ಭಾಷೆ ಹುಟ್ಟಿದ ಸೀಮೆಯಲ್ಲಿ ಎರಡನೆಯದು ಬೀಳಲೇ ಇಲ್ಲವಲ್ಲ, ಅದಕ್ಕೆ ಬೇರೆ ಹೆಸರಿನ ತುರ್ತು ಯಾರಿಗಿತ್ತು?

ಅವನು ಕೇಳಿದ್ದು ಇಷ್ಟು: ತನ್ನ ಎಸ್‌ಯುವಿಯ ಮುಂದೆ ಹಿಮ ತಳ್ಳುವ ಹಲಗೆ ಹಾಕಿಸಬಹುದೇ? ವಿಮಾ ಸರ್ವೇಯರ್ ಆಗಿ ಮೂರು ದಶಕ ನುಜ್ಜುಗುಜ್ಜಾದ ಗಾಡಿಗಳ ಅಡಿಯಲ್ಲಿ ಟಾರ್ಚ್ ಹಿಡಿದು ತೂರಿದವನು ನಾನು. ಹಿಮ ಗುಡಿಸಿದ ಅನುಭವ ಸೊನ್ನೆಯಾದರೂ ಗಾಡಿಯ ಮೂತಿಗೆ ಏನಾದರೂ ಕಟ್ಟಿದರೆ ಏನಾಗುತ್ತದೆ ಎಂಬುದು ಗೊತ್ತು.

ಅವನ ಕಷ್ಟ ಸಣ್ಣದಲ್ಲ. ರಸ್ತೆಯಿಂದ ಗ್ಯಾರೇಜಿನವರೆಗೆ ಅವನ ಮನೆಯ ದಾರಿ 15 ಮೀಟರ್ ಉದ್ದ, 4 ಮೀಟರ್ ಅಗಲ. ಅದರ ಮೇಲೆ ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಹಿಮ ಬಿದ್ದರೆ 12 ಘನ ಮೀಟರ್ ಆಯಿತು. ಹೊಸದಾಗಿ ಬಿದ್ದ ಹಗುರ ಹಿಮ ಘನ ಮೀಟರಿಗೆ 100 ಕಿಲೋ ಎಂದರೂ ಒಟ್ಟು 1,200 ಕಿಲೋ. ಅದೇ ಒದ್ದೆ ಹಿಮವಾದರೆ ಮೂರು ಪಟ್ಟು, ಮೂರೂವರೆ ಟನ್ ದಾಟುತ್ತದೆ. ಆಫೀಸಿಗೆ ಹೊರಡುವ ಮುಂಚೆ ಒಬ್ಬ ಮನುಷ್ಯ ಸಲಿಕೆ ಹಿಡಿದು ಒಂದು ಲಾರಿ ಲೋಡು ಪಕ್ಕಕ್ಕೆ ಹಾಕಬೇಕು. ಇಷ್ಟೂ ಮಾಡಿ ಮುಗಿಸುವ ಹೊತ್ತಿಗೆ ನಗರಸಭೆಯ ಯಂತ್ರ ಬಂದು ರಸ್ತೆಯ ಹಿಮವನ್ನೆಲ್ಲ ಅವನ ದಾರಿಯ ಬಾಯಿಗೇ ಒಟ್ಟಿ ಹೋಗುತ್ತದಂತೆ. 2022ರ ನವೆಂಬರಿನಲ್ಲಿ ಬಫಲೋದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್ ಎಂಬಲ್ಲಿ ಒಂದೇ ಬಿರುಗಾಳಿಯಲ್ಲಿ ಎರಡು ಮೀಟರ್ ಹಿಮ ಬಿತ್ತು. ಆಳಿನೆತ್ತರಕ್ಕೂ ಹೆಚ್ಚು.

ಇಂಗ್ಲಿಷಿನವರು ಈ ಸಾಧನವನ್ನು ಹಿಮದ ನೇಗಿಲು ಎಂದು ಕರೆಯುತ್ತಾರೆ. ಉಳುವುದೇನೂ ಇಲ್ಲ. ನಾಟಿಗೆ ಮುಂಚೆ ಗದ್ದೆ ಸಮ ಮಾಡಲು ಎತ್ತುಗಳ ಹಿಂದೆ ಹಲಗೆ ಕಟ್ಟುತ್ತೇವಲ್ಲ, ಅದರ ಕಬ್ಬಿಣದ ಅಣ್ಣ ಇದು. ಒಂದೇ ವ್ಯತ್ಯಾಸ, ಎತ್ತಿನ ಹಿಂದೆ ಕಟ್ಟುವುದನ್ನು ಇಲ್ಲಿ ಕಣ್ಣ ಮುಂದೆ ಕಟ್ಟುತ್ತಾರೆ. ಎರಡು ಮೀಟರಿನ ಬಾಗಿದ ಹಲಗೆ, ಗಾಡಿಯ ಚಾಸಿಗೆ ಬೋಲ್ಟ್ ಮಾಡಿದ ಕಬ್ಬಿಣದ ಚೌಕಟ್ಟು, ಹಲಗೆಯನ್ನು ಎತ್ತಿಳಿಸಲು ಬ್ಯಾಟರಿಯಿಂದ ಓಡುವ ಸಣ್ಣ ಮೋಟರು. ಮನೆ ಬಳಕೆಗೆಂದು ಮಾರುವ ಹಗುರ ಮಾದರಿಗಳೂ ಎಲ್ಲ ಸೇರಿ 150 ಕಿಲೋ ಹತ್ತಿರ ತೂಗುತ್ತವೆ.

"150 ಕಿಲೋ ಏನ್ ಮಹಾ ಮಾವ? ಇಬ್ಬರು ಗಟ್ಟಿ ಆಳು ಕೂತ ಹಾಗೆ" ಅಂದ ಅಳಿಯ. ಎಲ್ಲರೂ ಎಡವುವುದು ಇಲ್ಲೇ. ಆಳು ಕೂರುವುದು ಎರಡು ಅಚ್ಚುಗಳ ನಡುವೆ, ಹಲಗೆ ತೂಗುವುದು ಮುಂದಿನ ಅಚ್ಚಿನಿಂದಲೂ ಆಚೆ. ಬಾವಿಯ ಏತ ನೆನಪಿಸಿಕೊಳ್ಳಿ. ಉದ್ದ ತುದಿಯಲ್ಲಿ ತೂಗುವ ಒಂದು ಕೊಡ ನೀರು ಗಿಡ್ಡ ತುದಿಗೆ ಕಟ್ಟಿದ ದೊಡ್ಡ ಕಲ್ಲಿಗೆ ಸಮ ನಿಲ್ಲುತ್ತದೆ. ಗಾಡಿಯ ಎರಡು ಅಚ್ಚುಗಳ ನಡುವೆ 2.7 ಮೀಟರ್, ಹಲಗೆಯ ಭಾರ ಮುಂದಿನ ಅಚ್ಚಿನಿಂದ ಒಂದು ಮೀಟರ್ ಮುಂದಕ್ಕೆ ಎಂದಿಟ್ಟುಕೊಳ್ಳಿ. ಆಗ ಮುಂದಿನ ಅಚ್ಚು ಹೆಚ್ಚಿಗೆ ಹೊರುವುದು 150 ಅಲ್ಲ, ಸುಮಾರು 205 ಕಿಲೋ. ಮಿಕ್ಕ 55 ಎಲ್ಲಿಂದ ಬಂತು? ಹಿಂದಿನ ಚಕ್ರಗಳ ಮೇಲಿಂದ. ಹಿಂಭಾಗ ಅಷ್ಟು ಹಗುರಾಯಿತು, ಹಿಮದ ಮೇಲೆ ಹಿಂದಿನ ಚಕ್ರದ ಹಿಡಿತ ಅಷ್ಟು ಸಡಿಲವಾಯಿತು. ಅದಕ್ಕೇ ಆ ದೇಶದಲ್ಲಿ ಹಲಗೆ ಕಟ್ಟಿದವರು ಡಿಕ್ಕಿಯಲ್ಲಿ ಮರಳಿನ ಚೀಲ ತುಂಬಿಕೊಂಡು ಓಡಾಡುವುದು.

ಅಮೆರಿಕದಲ್ಲಿ ಮಾರುವ ಪ್ರತಿ ಗಾಡಿಯ ಡ್ರೈವರ್ ಬಾಗಿಲಿನ ಚೌಕಟ್ಟಿನ ಬಳಿ ಒಂದು ಚೀಟಿ ಅಂಟಿರುತ್ತದೆ. ಮುಂದಿನ ಅಚ್ಚು ಗರಿಷ್ಠ ಎಷ್ಟು ಹೊರಬಲ್ಲದು, ಹಿಂದಿನದು ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಜನ ಕುಳಿತಾಗ ಮುಂದಿನ ಅಚ್ಚಿನ ಮೇಲೆ ಬೀಳುವ ತೂಕವನ್ನು ತೂಕದ ಕಟ್ಟೆಯಲ್ಲಿ ನೋಡಿ, ಅದನ್ನು ಆ ಅಂಕಿಯಿಂದ ಕಳೆದು, ಉಳಿದದ್ದು 205ಕ್ಕಿಂತ ಹೆಚ್ಚಿದ್ದರೆ ಮಾತ್ರ ಅಂಗಡಿಯ ಮೆಟ್ಟಿಲು ಹತ್ತು ಎಂದೆ. ಅಲ್ಲಿನ ಕಂಪನಿಗಳು ಕೆಲವು ದೊಡ್ಡ ಪಿಕಪ್‌ಗಳನ್ನು ಇದೇ ಕೆಲಸಕ್ಕೆಂದು ಗಟ್ಟಿ ಸ್ಪ್ರಿಂಗು, ದೊಡ್ಡ ಆಲ್ಟರ್ನೇಟರು ಹಾಕಿ ಸಜ್ಜುಮಾಡಿ ಮಾರುತ್ತವೆ. ಅಳಿಯನದು ಅಂಥದ್ದಲ್ಲ. ಹೆಸರು ಎಸ್‌ಯುವಿ, ಒಳಗೆ ಕಾರೇ. ಏಣಿಯಂಥ ಚಾಸಿಯ ಮೇಲೆ ಕೂತ ಗಾಡಿ ಬೇರೆ, ಒಡಲೇ ಎಲುಬಾಗಿರುವ ಮೊನೊಕಾಕ್ ಗಾಡಿ ಬೇರೆ. ನಮ್ಮಲ್ಲೂ ಥಾರ್, ಸ್ಕಾರ್ಪಿಯೋ, ಫಾರ್ಚುನರ್ ಮೊದಲ ಜಾತಿ, ಕ್ರೆಟಾ, ಸೆಲ್ಟೋಸ್ ಎರಡನೆಯದು. ಎರಡನೆಯ ಜಾತಿಯ ಮುಂಭಾಗದಲ್ಲಿ ಭಾರ ತೂಗಿಸಲು ಗಟ್ಟಿ ಕೊಂಡಿಯೇ ಸಿಕ್ಕುವುದಿಲ್ಲ. ಎತ್ತಿಟ್ಟ ಹಲಗೆ ರೇಡಿಯೇಟರಿಗೆ ಗಾಳಿ ತಡೆಯುತ್ತದೆ, ಹೆಡ್‌ಲೈಟಿಗೆ ಅಡ್ಡ ಬರುತ್ತದೆ. ಮುಂದೆ ಹಿಂದೆ, ಮುಂದೆ ಹಿಂದೆ ಎಂದು ನೂರು ಸಲ ಗೇರ್ ಬದಲಿಸಿ ಗೇರ್‌ಬಾಕ್ಸ್ ಕಾಯುತ್ತದೆ.

ಅವನಿಗಿಷ್ಟು ಹೇಳಿ ಫೋನಿಟ್ಟ ಮೇಲೆ ನಗು ಬಂತು. ದೆಹಲಿಯಲ್ಲಿ ಕೂತು ಹಿಮದ ಸಲಹೆ! ಸಫ್ದರ್‌ಜಂಗ್ ಹವಾಮಾನ ಕೇಂದ್ರದ ದಾಖಲೆಯ ಚಳಿ ಎಂದರೆ 1935ರ ಜನವರಿಯಲ್ಲಿ ದಾಖಲಾದ ಮೈನಸ್ 0.6 ಡಿಗ್ರಿ. ಆಗಲೂ ಇಲ್ಲಿ ಹಿಮ ಬೀಳಲಿಲ್ಲ. 2019ರ ಫೆಬ್ರವರಿ 7ರ ಸಂಜೆ ನೋಯ್ಡಾದ ರಸ್ತೆಗಳು ಬೆಳ್ಳಗಾದವು, ಶಿಮ್ಲಾ ಬಂತು ಎಂದು ಜನ ಫೋಟೋ ಹಂಚಿದರು. ಬಿದ್ದದ್ದು ಆಲಿಕಲ್ಲು. ಹಿಮವೇ ಬೇಕೆಂದರೆ ಸೆಕ್ಟರ್ 18ರ ಮಾಲ್‌ನಲ್ಲಿ ಟಿಕೆಟ್ ಕೊಟ್ಟು ನೋಡಬೇಕು. ಆದರೂ ದೇಶದ ಹಿಮ ಸರಿಸುವ ಯಜಮಾನಿಕೆ ಇರುವುದು ಇದೇ ಊರಿನಲ್ಲಿ. ರಿಂಗ್ ರೋಡಿನ ಸೀಮಾ ಸಡಕ್ ಭವನ್, ಗಡಿ ರಸ್ತೆ ಸಂಸ್ಥೆಯ ಪ್ರಧಾನ ಕಚೇರಿ. 1960ರಲ್ಲಿ ಹುಟ್ಟಿದ ಈ ಸಂಸ್ಥೆಯ ಜನ ಹಿಂದೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿದ್ದ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆದಾರಿಯನ್ನು 2025ರಲ್ಲಿ 32 ದಿನಕ್ಕೇ ತೆರೆದರು, ಏಪ್ರಿಲ್ 1ರಂದು. ಅಲ್ಲಿ ಓಡುವುದು ಹಿಮವನ್ನು ಕತ್ತರಿಸಿ ದೂರ ಚಿಮ್ಮಿಸುವ ಯಂತ್ರ ಮತ್ತು ಡೋಜರು, ಆ ಕೆಲಸಕ್ಕೇ ಹುಟ್ಟಿದವು. ಯಾರೂ ತಮ್ಮ ಮನೆಯ ಗಾಡಿಗೆ ಹಲಗೆ ಕಟ್ಟಿಕೊಂಡು ಹೋಗುವುದಿಲ್ಲ.

ಅದೇ ವಾರ ನಮ್ಮ ಕೆಳಗಿನ ಫ್ಲ್ಯಾಟಿನವರು ಬಂದರು. ಹುಬ್ಬಳ್ಳಿ ಕಡೆಯವರು, ಆರ್.ಕೆ.ಪುರಂನ ಕರ್ನಾಟಕ ಸಂಘದ ಯಾವುದೋ ಊಟದ ಪಂಕ್ತಿಯಲ್ಲಿ ಪರಿಚಯವಾದವರು. ಮಗ ಹಳೇ ಸ್ಕಾರ್ಪಿಯೋ ಕೊಂಡಿದ್ದಾನೆ, ಅದಕ್ಕೊಂದು ದೊಡ್ಡ ಬಂಪರ್ ಗಾರ್ಡ್ ಹಾಕಿಸಬೇಕು. "ಏನ್ರೀ ಸರ, ಪಾರ್ಕಿಂಗ್‌ನ್ಯಾಗ ದಿನಾ ಒಬ್ಬಾಂವ ಗುದ್ದತಾನ. ನೀವೂ ಬರ್ರಿ ಅಂಗಡಿಗೆ, ನಿಮಗ ಗೊತ್ತಾಗತೈತಿ" ಅಂದರು. ಹಿಮವಿರುವ ಊರಿನಲ್ಲಿ ಮೂತಿಗೆ ಕಬ್ಬಿಣ ಬೇಡ ಎಂದು ಬಫಲೋಗೆ ಬುದ್ಧಿ ಹೇಳಿದವನ ಬಾಗಿಲಿಗೇ ಹಿಮವಿಲ್ಲದ ಊರಿನ ಕಬ್ಬಿಣ ಬಂದು ನಿಂತಿತು.

ಅವರ ದೂರಿನಲ್ಲಿ ಸತ್ಯವಿದೆ. ದೆಹಲಿಯ ಕಾಲೋನಿಗಳಲ್ಲಿ ಕಾರುಗಳು ಒಂದರ ಮೂತಿಗೆ ಇನ್ನೊಂದರ ಬಾಲ ತಾಗಿಸಿಕೊಂಡು ನಿಲ್ಲುತ್ತವೆ. ಅಡ್ಡ ನಿಲ್ಲಿಸುವವನು ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗುವುದು ಇಲ್ಲಿನ ಶಿಷ್ಟಾಚಾರ. ಹೊರಡಬೇಕಾದವನು ತಳ್ಳಿಕೊಳ್ಳುತ್ತಾನೆ, ಕೆಲವರು ಕೈಯಿಂದ, ಕೆಲವರು ತಮ್ಮ ಬಂಪರಿನಿಂದ. ಪ್ಲಾಸ್ಟಿಕ್ ಬಂಪರು ಎಷ್ಟು ದಿನ ತಡೆದೀತು? ಆದರೆ ಪಾರ್ಕಿಂಗ್ ಗೀರು ನೆಪ ಮಾತ್ರ ಎಂಬುದು ನನ್ನ ಅನುಮಾನ. ಇಲ್ಲಿ ಗಾಡಿಯ ಮುಂಭಾಗ ಎಂದರೆ ಮೀಸೆ. ಗಾಜಿನ ಮೇಲೆ ಜಾತಿಯ ಹೆಸರು, ಬಾನೆಟ್ಟಿನ ಮೇಲೆ ಪಕ್ಷದ ಬಾವುಟ. ಗೂಟದ ಕಾರು ಎನ್ನುತ್ತಿದ್ದೆವಲ್ಲ, ಆ ಕೆಂಪು ದೀಪ 2017ರ ಮೇ 1ರಂದು ಹೋಯಿತು. ಅದೇ ವರ್ಷ ಡಿಸೆಂಬರ್ 7ರಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಬಂಪರ್ ಗಾರ್ಡ್, ಬುಲ್ ಬಾರ್ ಎರಡೂ ಕಾನೂನಿಗೆ ವಿರುದ್ಧ, ದಂಡ ಹಾಕಿ ಎಂದಿತು. ಒಂದೇ ವರ್ಷದಲ್ಲಿ ನೆತ್ತಿಯ ಒಡವೆ, ಮೂಗಿನ ಒಡವೆ ಎರಡಕ್ಕೂ ಕುತ್ತು. ದೀಪ ಹೋಯಿತು, ಕಬ್ಬಿಣ ಉಳಿದುಕೊಂಡಿದೆ.

ಅವರ ಜೊತೆ ಹೊರಟದ್ದು ಕರೋಲ್ ಬಾಗಿನ ನಾಯಿವಾಲಾ ಗಲ್ಲಿಗೆ. ಅಲ್ಲಿಗೆ ಹೋದವರಿಗೆ ಗೊತ್ತು. ಸೀಟ್ ಕವರ್, ಸ್ಟೀರಿಯೋ, ಕ್ರೋಮ್ ಪಟ್ಟಿ, ಅಲಾಯ್ ಚಕ್ರ, ಗಾಡಿಗೆ ಮದುವೆ ಅಲಂಕಾರ ಮಾಡುವ ಊರೇ ಅದು. ಅಂಗಡಿಗಳು ಅಗಲದಲ್ಲಿ ಒಂದೊಂದು ಕೋಣೆ, ಕೆಲಸವೆಲ್ಲ ನಡುಬೀದಿಯಲ್ಲಿ. ಹುಡುಗನೊಬ್ಬ ರಟ್ಟಿನ ಡಬ್ಬಿ ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಅಂಗಾತ ಮಲಗಿ ಸ್ಕಾರ್ಪಿಯೋದ ಅಡಿಗೆ ಸರಿದ. ಹಿಂದಿನ ಮಾಲೀಕ ಹಾಕಿಸಿದ್ದ ಹಳೇ ಗಾರ್ಡ್ ಮೊದಲು ಬಿಚ್ಚಬೇಕಲ್ಲ. ಅಂಗಡಿಯವನು ಹೊಸದನ್ನು ತಟ್ಟಿ ತೋರಿಸಿದ. ಟಣ್ ಎಂದಿತು. "ಟ್ಯಾಂಕ್ ಬನ್ ಜಾಯೇಗೀ ಸರ್‌ಜೀ." ಗಾಡಿ ಟ್ಯಾಂಕ್ ಆಗುತ್ತದಂತೆ. ಹುಬ್ಬಳ್ಳಿಯವರ ಮಗನ ಕಣ್ಣು ಹೊಳೆಯಿತು.

ನಾನು ಹುಬ್ಬಳ್ಳಿಯವರ ಮಗನನ್ನು ಪಕ್ಕಕ್ಕೆ ಕರೆದು ತೆಂಗಿನಕಾಯಿಯ ಲೆಕ್ಕ ಹೇಳಿದೆ. ಅಷ್ಟೆತ್ತರದಿಂದ ಬೀಳುವ ಕಾಯಿ ಯಾಕೆ ಒಡೆಯುವುದಿಲ್ಲ? ಸಿಪ್ಪೆ ಇರುವುದರಿಂದ. ನಾರು ಕುಗ್ಗುತ್ತದೆ, ಪೆಟ್ಟು ಅಲ್ಲೇ ಸಾಯುತ್ತದೆ. ಸುಲಿದ ಕಾಯಿಯನ್ನು ಅದೇ ಎತ್ತರದಿಂದ ಹಾಕಿ ನೋಡು. ಗಾಡಿಯ ಮೂತಿಯೂ ಸಿಪ್ಪೆಯೇ. ಗುದ್ದಿದಾಗ ಮುದುಡಲೆಂದೇ ಅದನ್ನು ಮಾಡಿರುತ್ತಾರೆ. ಬೇಲಾ ಬರೇನಿ ಎಂಬ ಮರ್ಸಿಡಿಸ್‌ನ ಎಂಜಿನಿಯರ್ ಈ ಯೋಚನೆಗೆ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು, 1959ರಲ್ಲಿ ಅದು ಮಾರಾಟದ ಕಾರಿಗೆ ಬಂತು. ಅದಕ್ಕೆ ಮುಂಚೆ ಗಟ್ಟಿ ಗಾಡಿಯೇ ಕ್ಷೇಮ ಎಂದು ಜಗತ್ತೆಲ್ಲ ನಂಬಿತ್ತು. ಗಾಡಿ ಗಟ್ಟಿಯಾಗಿಯೇ ಉಳಿಯುತ್ತಿತ್ತು, ಒಳಗಿದ್ದವರು ಉಳಿಯುತ್ತಿರಲಿಲ್ಲ.

ಬಂಪರ್ ಗಾರ್ಡಿನ ಕಾಲುಗಳು ಈ ಸಿಪ್ಪೆಯನ್ನು ದಾಟಿ ನೇರ ಚಾಸಿಯ ತುದಿಗೆ ಬೋಲ್ಟ್ ಆಗುತ್ತವೆ. ಗುದ್ದಿದ ಪೆಟ್ಟು ಮುದುಡಬೇಕಾದ ಜಾಗವನ್ನು ಬಿಟ್ಟು ಎಲುಬಿಗೇ ಹೋಗುತ್ತದೆ. ಏರ್‌ಬ್ಯಾಗಿನ ಸಂಗತಿ ಇನ್ನೂ ಸೂಕ್ಷ್ಮ. ಗುದ್ದಿದ ಮೇಲೆ ಗಾಡಿಯ ವೇಗ ಯಾವ ಲಯದಲ್ಲಿ ಕುಸಿಯುತ್ತಿದೆ ಎಂದು ಸಂವೇದಕ ಅಳೆಯುತ್ತದೆ. ಚೀಲ ಬಿಡಬೇಕೋ ಬೇಡವೋ ಎಂಬ ತೀರ್ಮಾನ ಸೆಕೆಂಡಿನ ನೂರನೇ ಒಂದೆರಡು ಪಾಲಿನಲ್ಲಿ ಆಗಬೇಕು. ಕಂಪನಿ ಆ ಲಯವನ್ನು ಕಲಿಸಿರುವುದು ಗಾರ್ಡ್ ಇಲ್ಲದ ಗಾಡಿಯನ್ನು ಗೋಡೆಗೆ ಗುದ್ದಿಸಿ. ನೀವು ಮುಂದೆ ಕಬ್ಬಿಣ ಕಟ್ಟಿದರೆ ಅದು ಕಲಿತ ಪಾಠ ಒಂದು, ಕೇಳಿದ ಪ್ರಶ್ನೆ ಇನ್ನೊಂದು. ತಡವಾಗಿ ಬಿಡಬಹುದು, ಬೇಡದ ಕಡೆ ಬಿಡಬಹುದು. ಡ್ರೈವರ್ ಕಡೆಯ ಏರ್‌ಬ್ಯಾಗ್ 2019ರ ಜುಲೈನಿಂದ ನಮ್ಮಲ್ಲಿ ಕಡ್ಡಾಯ. ದುಡ್ಡು ಕೊಟ್ಟು ಕೊಂಡ ಚೀಲಕ್ಕೆ ಇನ್ನೊಂದಿಷ್ಟು ದುಡ್ಡು ಕೊಟ್ಟು ದಾರಿ ತಪ್ಪಿಸುವ ವ್ಯವಹಾರ ಇದು.

ಒಳಗಿನವರ ಮಾತಾಯಿತು. ಹೊರಗೆ ನಡೆಯುವವರಿಗೆ ಇದು ಇನ್ನೂ ಕೆಟ್ಟದ್ದು. ಬಾನೆಟ್ ತಗಡು ಬಾಗುತ್ತದೆ, ಪ್ಲಾಸ್ಟಿಕ್ ಬಂಪರ್ ಸೀಳುತ್ತದೆ, ಕಬ್ಬಿಣದ ಕೊಳವೆ ಎರಡನ್ನೂ ಮಾಡುವುದಿಲ್ಲ. ಎಸ್‌ಯುವಿಯ ಮುಂದಿನ ಕೊಳವೆ ದೊಡ್ಡವರ ತೊಡೆ, ಸೊಂಟದ ಮಟ್ಟಕ್ಕೆ ಬರುತ್ತದೆ. ಅದೇ ಮಟ್ಟದಲ್ಲಿ ಆರು ವರ್ಷದ ಮಗುವಿನ ಎದೆ ಮತ್ತು ತಲೆ ಇರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ಪಾದಚಾರಿಗಳೇ 32,825. ಆಸ್ಟ್ರೇಲಿಯಾದ ಬಯಲುಗಳಲ್ಲಿ ರಾತ್ರಿ ಹೊತ್ತು ಅಡ್ಡ ಬರುವ ಕಾಂಗರೂಗಳಿಗೆಂದು ಇಂಥ ಕಂಬಿ ಕಟ್ಟುವ ರೂಢಿ ಇದೆ, ಅಲ್ಲಿ ಅದಕ್ಕೆ ಅರ್ಥವೂ ಇದೆ. ಐರೋಪ್ಯ ಒಕ್ಕೂಟ 2005ರಲ್ಲೇ ನಿಯಮ ಮಾಡಿ, ಪಾದಚಾರಿಗಳ ಪರೀಕ್ಷೆಯಲ್ಲಿ ಪಾಸಾಗದ ಗಡಸು ಕಂಬಿಗಳನ್ನು ಹೊಸ ಕಾರುಗಳಿಂದ ದೂರವಿಟ್ಟಿತು. ಕನಾಟ್ ಪ್ಲೇಸಿನಲ್ಲಿ ಕಾಂಗರೂ ಇಲ್ಲ. ರಸ್ತೆ ದಾಟುವವರು ಇದ್ದಾರೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಗಾರ್ಡ್ ಒಂದು, ಎಲ್‌ಇಡಿ ದೀಪದ ಸಾಲು ಇನ್ನೊಂದು, ಲೆಕ್ಕ ಹಾಕಿಕೊಳ್ಳಿ. ದೀಪದ ಸಾಲಿನ ಬಗ್ಗೆ ಒಂದು ಮಾತು: ಯಮುನಾ ಎಕ್ಸ್‌ಪ್ರೆಸ್‌ವೇಯ 165 ಕಿಲೋಮೀಟರಿನಲ್ಲಿ ದಟ್ಟ ಮಂಜು ಕವಿದಾಗ ಆ ಬಿಳಿ ದೀಪ ಹೊತ್ತಿಸಿದರೆ ಎದುರಿಗೆ ಸುಣ್ಣ ಹೊಡೆದ ಗೋಡೆ ಎದ್ದ ಹಾಗಾಗುತ್ತದೆ, ಅಷ್ಟೇ. ಮಂಜಿಗೆ ಬೇಕಾದ್ದು ನೆಲಮಟ್ಟದ, ತಗ್ಗಿದ ಬೆಳಕು.

ಸರ್ಕಾರ ಗಾಡಿಗೆ ಏನೂ ಮುಟ್ಟಿಸಬೇಡಿ ಎನ್ನುತ್ತಿದೆ ಎಂದು ಹುಬ್ಬಳ್ಳಿಯವರು ಗೊಣಗಿದರು. ಹಾಗೇನಿಲ್ಲ. ಗಾಡಿಯ ಹೊಟ್ಟೆಯನ್ನೇ ಬದಲಿಸಿದ ಊರು ದೆಹಲಿ. 1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ಇಲ್ಲಿನ ಬಸ್ಸುಗಳು ಸಿಎನ್‌ಜಿಗೆ ಹೊರಳಿದವು, ಹಿಂದೆಯೇ ಮನೆಮನೆಯ ಪೆಟ್ರೋಲ್ ಕಾರುಗಳೂ ಕಿಟ್ ಹಾಕಿಸಿಕೊಂಡವು. ಪರೀಕ್ಷೆಯಾಗಿ ಮಾನ್ಯತೆ ಪಡೆದ ಕಿಟ್, ಆರ್‌ಸಿಯಲ್ಲಿ ಆರ್‌ಟಿಒ ಕಚೇರಿಯ ನಮೂದು, ಇವೆರಡಿದ್ದರೆ ಬದಲಾವಣೆ ಕಾನೂನುಬದ್ಧ. ಬಂಪರ್ ಗಾರ್ಡಿಗೆ ಪರೀಕ್ಷೆ ಯಾವುದು? ಅಂಗಡಿಯವನು ತಟ್ಟಿ ಟಣ್ ಎನಿಸಿದ್ದೇ ಪರೀಕ್ಷೆ. ಇನ್ನು ನನ್ನ ಹಳೇ ಉದ್ಯೋಗದ ಮಾತು: ಕಂಪನಿಯಿಂದ ಬಾರದ, ಪಾಲಿಸಿಯಲ್ಲಿ ತಿಳಿಸದ ಬಿಡಿಭಾಗಕ್ಕೆ ವಿಮೆ ಸಿಕ್ಕುವುದಿಲ್ಲ. ಗಾರ್ಡಿನ ಹಿಂದೆ ಚಾಸಿ ಬಾಗಿದ ಗಾಡಿಗಳ ಮುಂದೆ ನಿಂತು ವರದಿ ಬರೆದಿದ್ದೇನೆ. ಗಾರ್ಡಿನ ಮೇಲೆ ಗೀರು ಮಾತ್ರ ಬಿದ್ದಿರುತ್ತಿತ್ತು. ಮಾಲೀಕರು ಅದನ್ನೇ ತೋರಿಸಿ "ನೋಡಿ ಸಾರ್, ಏನೂ ಆಗಿಲ್ಲ" ಎನ್ನುತ್ತಿದ್ದರು.

ಅಷ್ಟರಲ್ಲಿ ರಟ್ಟಿನ ಮೇಲೆ ಮಲಗಿದ್ದ ಹುಡುಗ ಹಳೇ ಗಾರ್ಡನ್ನು ಎಳೆದು ಹಾಕಿದ. ಅದರ ಹಿಂದೆ ಚಾಸಿಯ ಎಡತುದಿಯ ಹಿಡಿಕೆ ಒಂದು ಬೆರಳಿನಷ್ಟು ಒಳಕ್ಕೆ ಬಾಗಿತ್ತು, ಸುತ್ತಲೂ ತುಕ್ಕು. ಹಿಂದಿನ ಮಾಲೀಕ ಎಲ್ಲೋ ಗುದ್ದಿದ್ದಾನೆ, ಕೊಂಡವರಿಗೆ ತಿಳಿದಿಲ್ಲ. ಹುಬ್ಬಳ್ಳಿಯವರು ಬಗ್ಗಿ ನೋಡಿ, ಎದ್ದು ನಿಂತು, ಮಗನ ಮುಖ ನೋಡಿದರು. ಹೊಸ ಗಾರ್ಡಿನ ಮಾತು ಅಲ್ಲಿಗೆ ನಿಂತಿತು. ಪಾರ್ಕಿಂಗ್ ಗೀರಿಗೆ ಬಂಪರಿನ ಮೂಲೆಗಳಿಗೆ ರಬ್ಬರಿನ ಪಟ್ಟಿ ಅಂಟಿಸಿಕೊಂಡು, ಹಿಡಿಕೆ ಬದಲಿಸಲು ಸರ್ವಿಸ್ ಸೆಂಟರಿನ ದಿನಾಂಕ ಕೇಳಿದರು.

ಅಳಿಯ ಚೀಟಿ ನೋಡಿ ಮರುದಿನವೇ ಮೆಸೇಜ್ ಹಾಕಿದ್ದ. ಮುಂದಿನ ಅಚ್ಚಿಗೆ ಉಳಿದಿದ್ದ ಅವಕಾಶ 90 ಕಿಲೋ. ಹಲಗೆಯ ಆಸೆ ಬಿಟ್ಟು, ಕೈಯಲ್ಲಿ ಹಿಡಿದು ತಳ್ಳಿಕೊಂಡು ಹೋಗುವ, ಹಿಮವನ್ನು ಪಕ್ಕಕ್ಕೆ ಚಿಮ್ಮಿಸುವ ಯಂತ್ರ ಕೊಂಡ.

ನಾಯಿವಾಲಾದಲ್ಲಿ ಬಿಚ್ಚಿದ ಹಳೇ ಗಾರ್ಡನ್ನು ಗುಜರಿಯವನು ತಕ್ಕಡಿಗೆ ಹಾಕಿದಾಗ 34 ಕಿಲೋ ಬಂತು. ಸ್ಕಾರ್ಪಿಯೋದ ಮುಂದಿನ ಅಚ್ಚು ಅದನ್ನು 44 ಕಿಲೋ ಎಂದು ಇಷ್ಟು ವರ್ಷ ಹೊತ್ತಿತ್ತು. ನಿಮ್ಮ ಗಾಡಿಯ ಮುಂದೆಯೂ ಅಂಥದ್ದೊಂದು ಇದ್ದರೆ ಈ ಭಾನುವಾರ ಬಿಚ್ಚಿಸಿ, ಹಿಂದೆ ಏನಾಗಿದೆ ಎಂದು ಒಮ್ಮೆ ಬಗ್ಗಿ ನೋಡಿ. ಎಂಟು ಬೋಲ್ಟು, ಅರ್ಧ ಗಂಟೆಯ ಕೆಲಸ.